ಎಲ್ಲಿಗಿ ಹೊಂಟೀರಿ?

ಟ್ರಯಥ್ಲಾನ್ ಅಂದರೆ ಮೂರು ಆಟ: ಈಜು, ಸೈಕಲ್, ಓಟ. ಒಂದರ ಬೆನ್ನಿಗೆ ಒಂದು, ನಡುವೆ ಕೂಡುವ ಮಾತಿಲ್ಲ. ನಿಯಮದ ಪುಸ್ತಕದಲ್ಲಿ ಹಾಗೇ ಇದೆ. ಆ ಪುಸ್ತಕ ಬರೆದವರು ಝಳಕಿಗೆ ಬಂದವರಲ್ಲ. ನಮ್ಮಲ್ಲಿ ಆಟ ನಾಲ್ಕು. ಮೊದಲ ಮೂರನ್ನು ಯಾತಕ್ಕೆ ಆಡುತ್ತೀರಿ ಎಂದು ಕೇಳಿದವರಿಗೆ ಉತ್ತರ ಹೇಳುವುದೇ ನಾಲ್ಕನೆಯದು. ಮೂರಕ್ಕೂ ಇಷ್ಟು ತಾಸು, ಇಷ್ಟು ನಿಮಿಷ ಅಂತ ಗಡುವುಂಟು. ನಾಲ್ಕನೆಯದು ಮುಗಿದದ್ದನ್ನು ನಾನಿನ್ನೂ ಕಂಡಿಲ್ಲ.

ಝಳಕಿ ಇಂಡಿ ಸೀಮೆಯ ಊರು. ವಿಜಯಪುರ–ಸೋಲಾಪುರ ಹೆದ್ದಾರಿಯಲ್ಲಿ ಹೆಚ್ಚು ಕಡಿಮೆ ಅರ್ಧ ದಾರಿಗೆ ಸಿಗುತ್ತದೆ. ಇಂಡಿಗೊಂದು ಹಾದಿ, ಚಡಚಣಕ್ಕೊಂದು ಹಾದಿ ಇಲ್ಲೇ ಒಡೆಯುತ್ತವೆ. ಹೀಗಾಗಿ ನಮ್ಮ ಕ್ರಾಸಿನಲ್ಲಿ ನಿಂತವರೆಲ್ಲ ಎಲ್ಲಿಗೋ ಹೊರಟವರು, ಇಲ್ಲವೇ ಎಲ್ಲಿಂದಲೋ ಬಂದವರು. ‘ಎಲ್ಲಿಗಿ ಹೊಂಟೀರಿ?’ ಎಂದು ಕೇಳದೆ ಇಲ್ಲಿ ಯಾರೂ ಯಾರನ್ನೂ ಹಾಯ್ದು ಹೋಗುವುದಿಲ್ಲ. ಕೇಳದೆ ಹೋದರೆ ಏನೋ ಸಿಟ್ಟು ಇದೆ ಅಂತ ಅರ್ಥ.

ಈ ಕ್ರಾಸಿನಲ್ಲೇ ನನ್ನದೊಂದು ಔಷಧ ಅಂಗಡಿ. ವರ್ಷಾನುಗಟ್ಟಲೆ ಕುರ್ಚಿಯಲ್ಲಿ ಕೂತು ಊರ ಬಿ.ಪಿ.ಗೆ, ಶುಗರ್‌ಗೆ, ಮೊಣಕಾಲಿಗೆ ಗುಳಿಗೆ ಕೊಟ್ಟೆ. ನಲವತ್ತು ದಾಟಿದ ಮೇಲೆ ನನ್ನ ಹೊಟ್ಟೆ ಕೌಂಟರ್ ದಾಟಿ ಗಿರಾಕಿಗಳ ಕಡೆ ವಾಲತೊಡಗಿತು. ಅದನ್ನು ಹಿಂದಕ್ಕೆ ಕರೆಸಲು ನಸುಕಿನಲ್ಲಿ ನಡೆಯಲು ಶುರುಮಾಡಿದೆ. ನಡಿಗೆ ಓಟವಾಯಿತು, ಓಟಕ್ಕೆ ಸೈಕಲ್ ಕೂಡಿತು, ಕೊನೆಗೆ ಬಾವಿಯೂ ಬಂತು.

ಮೊದಲ ವಾರದಲ್ಲೇ ಊರು ರೋಗ ಪತ್ತೆಹಚ್ಚಿತು. “ಶುಗರ್ ಬಂದದೇನ್ರಿ? ಎಷ್ಟದ? ಉಣ್ಣೂಕಿಂತ ಮೊದಲೋ, ಉಂಡ ಮ್ಯಾಲೋ?” ನಮ್ಮಲ್ಲಿ ಬೆಳಿಗ್ಗೆ ಎದ್ದು ಸುಮ್ಮನೆ ನಡೆಯುವವನಿಗೆ ಇರುವುದು ಒಂದೇ ಕಾರಣ. ಇಲ್ಲ ಅಂದರೆ ಮುಚ್ಚಿಡುತ್ತಿದ್ದಾನೆ ಅಂತ ಲೆಕ್ಕ. ‘ಮೆಡಿಕಲ್ ಸಾವಕಾರ್ರಿಗೇ ಶುಗರ್ ಅಂತ’ ಎಂಬ ಸುದ್ದಿ ನನಗಿಂತ ಮೊದಲು ಹೊರ್ತಿ ಮುಟ್ಟಿತು. ಅವರ ಗುಳಿಗಿ ಅವರಿಗೇ ನಾಟಿಲ್ಲ, ನಮಗೇನು ನಾಟೀತು ಎಂದು ಇಬ್ಬರು ಹಳೇ ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಆರೋಗ್ಯ ಸುಧಾರಿಸಿ ವ್ಯಾಪಾರ ಕೆಡಿಸಿಕೊಂಡವನು ನಾನು.

ಈಜಿನಿಂದಲೇ ಹೇಳುತ್ತೇನೆ. ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ ಬಾವಿಗೆ ದೂಡಿ ಈಸು ಕಲಿಸುವ ಸೀಮೆ ನಮ್ಮದು. ಆದರೆ ಹಾಗೆ ಕಲಿತ ಈಸಿನಲ್ಲಿ ತಲೆ ಯಾವಾಗಲೂ ನೀರಿನ ಮೇಲಿರುತ್ತದೆ. ಮೇಲಿರಲಿ ಅಂತಲೇ ಕಲಿಸಿರುತ್ತಾರೆ. ಟ್ರಯಥ್ಲಾನಿಗೆ ಮಾರಿ ನೀರಲ್ಲಿಟ್ಟು, ಕೈ ಬೀಸಿ, ಪಕ್ಕಕ್ಕೆ ಹೊರಳಿ ಉಸಿರು ತಕ್ಕೊಳ್ಳಬೇಕು. ಬಾವಿಯ ಒಡೆಯ ಕಾಕಾ ಪಾವಟಿಗೆಯ ಮೇಲೆ ಬೀಡಿ ಹಚ್ಚಿ ಕೂಡುತ್ತಿದ್ದರು. ನನ್ನ ಮಾರಿ ಕೆಳಗೆ ಹೋದಾಗೊಮ್ಮೆ ಎದ್ದು ನಿಲ್ಲುತ್ತಿದ್ದರು, ಮೇಲೆ ಬಂದಾಗೊಮ್ಮೆ ಕೂಡುತ್ತಿದ್ದರು. ಒಂದು ತಾಸಿನಲ್ಲಿ ನನಗಿಂತ ಹೆಚ್ಚು ವ್ಯಾಯಾಮ ಅವರಿಗೇ ಆಗುತ್ತಿತ್ತು. ಕೊನೆಗೆ ಬೇಸತ್ತು, “ಸಾವಕಾರ, ಒಂದೋ ಮುಳುಗ್ರಿ, ಇಲ್ಲಾ ಈಸ್ರಿ, ಎರಡೂ ಕೂಡಿ ಮಾಡಬ್ಯಾಡ್ರಿ” ಅಂದರು.

ಅರ್ಧ ಐರನ್‌ಮ್ಯಾನ್ ಎಂಬ ಸ್ಪರ್ಧೆಯಲ್ಲಿ 1.9 ಕಿ.ಮೀ. ಈಜಬೇಕು. ಕಾಕಾನ ಬಾವಿ ದುಂಡನೆಯದು; ಗೋಡೆಗೆ ತಾಗದಂತೆ ಈಸಿದರೆ ಒಂದು ಸುತ್ತಿಗೆ ಸುಮಾರು 25 ಮೀಟರ್. ಅಂದರೆ 76 ಸುತ್ತು. ಹನುಮಪ್ಪನ ಗುಡಿಗೆ ಅಷ್ಟು ಸುತ್ತು ಹಾಕಿದ್ದರೆ ಏನಾದರೂ ಕೇಳಬಹುದಿತ್ತು. ಇನ್ನೊಂದು ತಾಪತ್ರಯವೆಂದರೆ ತ್ರೀಫೇಸ್ ಕರೆಂಟು. ಅದು ಬಂದ ಕೂಡಲೇ ಕಾಕಾ ಮೋಟರ್ ಚಾಲೂ ಮಾಡಲೇಬೇಕು, ಕಬ್ಬು ಕಾಯುತ್ತಿರುತ್ತದೆ. “ಕರೆಂಟ್ ಬಂತು, ಮ್ಯಾಲೆ ಬರ್ರಿ” ಎಂಬ ಕೂಗು ಕೇಳಿದರೆ ಎಷ್ಟನೇ ಸುತ್ತಿನಲ್ಲಿದ್ದರೂ ಅವತ್ತಿನ ಈಜು ಅಲ್ಲಿಗೆ ಮುಗಿಯಿತು. ಜಗತ್ತಿನ ಉಳಿದ ಟ್ರಯಥ್ಲೀಟರು ಕೋಚ್ ಬರೆದುಕೊಟ್ಟ ವೇಳಾಪಟ್ಟಿಯಂತೆ ಈಜುತ್ತಾರೆ. ನಾನು ಈಜುವುದು ಪಂಪ್‌ಸೆಟ್ಟಿನ ವೇಳಾಪಟ್ಟಿಯಂತೆ.

ಬೇಸಿಗೆಗೆ ಬಾವಿ ತಳ ಕಾಣುತ್ತದೆ. ಆಗ ಉಳಿಯುವುದು ದ್ರಾಕ್ಷಿ ತೋಟಗಳ ಕೃಷಿ ಹೊಂಡ. ಅದರ ತಳಕ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ, ಹಾಳೆಗೆ ಪಾಚಿ ಹಿಡಿದಿರುತ್ತದೆ. ಇಳಿದವನು ತಾನಾಗಿ ಏರಲಾರ. ಗಂಟು ಹಾಕಿದ ಹಗ್ಗ ಮತ್ತು ದಂಡೆಯ ಮೇಲೊಬ್ಬ ಗಟ್ಟಿ ಮನುಷ್ಯ ಇಲ್ಲದೆ ಅಲ್ಲಿಗೆ ಇಳಿಯಬಾರದು. ಇದೊಂದು ಮಾತನ್ನು ನಗೆಗೆ ಹೇಳುತ್ತಿಲ್ಲ.

ಇನ್ನು ಸೈಕಲ್. ನನ್ನ ಸೈಕಲ್ಲಿನಲ್ಲಿ ಏನಿದೆ ಎಂದು ಊರು ನೋಡಲಿಲ್ಲ, ಏನಿಲ್ಲ ಎಂದು ಪಟ್ಟಿ ಮಾಡಿತು. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್‌ಕವರ್ ಇಲ್ಲ. “ಇಷ್ಟೆಲ್ಲಾ ತಗದಾರಂದ್ರ ಕಡಿಮಿಗೆ ಕೊಟ್ಟಿರಬೇಕಲ್ರಿ?” ನಾನು ಹೇಳಿದ ರೇಟು ನಿಜವಾದ ರೇಟಿನ ಕಾಲುಭಾಗ, ಅದಕ್ಕೇ ಚಹಾದಂಗಡಿಯ ಮುಂದೆ ಎರಡು ನಿಮಿಷ ಮೌನ ಆಚರಿಸಿದರು. ಪಂಕ್ಚರ್ ಅಂಗಡಿಯ ಹುಡುಗ ಸೂಜಿಯಂಥ ವಾಲ್ವ್ ನೋಡಿ, “ಅಣ್ಣಾ, ಇದಕ್ಕ ಹವಾ ಹಾಕಬೇಕೋ, ಇಂಜೆಕ್ಷನ್ ಮಾಡಬೇಕೋ?” ಅಂದ. ಔಷಧ ಅಂಗಡಿಯವನಿಗೆ ಕೇಳಬೇಕಾದ ಪ್ರಶ್ನೆಯೇ.

ಹಾಗಂತ ಸೈಕಲ್ ಗೊತ್ತಿಲ್ಲದ ಜಿಲ್ಲೆ ನಮ್ಮದಲ್ಲ. ವಿಜಯಪುರ, ಬಾಗಲಕೋಟೆ ಎರಡೂ ರಾಷ್ಟ್ರಮಟ್ಟದ ಸೈಕಲ್ ಸವಾರರನ್ನು ಕೊಟ್ಟ ಜಿಲ್ಲೆಗಳು. ವಿಜಯಪುರದಲ್ಲಿ ಸೈಕ್ಲಿಂಗಿನ ಕ್ರೀಡಾ ವಸತಿನಿಲಯವಿದೆ. ಹಳ್ಳಿಯ ಹುಡುಗ ಹುಡುಗಿಯರು ಅಲ್ಲಿ ಬೆಳೆದು, ಪದಕ ಗೆದ್ದು, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದಿದ್ದಾರೆ. ಅದಕ್ಕೇ ನನ್ನನ್ನು ಕಂಡವರ ತಕರಾರು ಸೈಕಲ್ಲಿನ ಮೇಲಲ್ಲ: “ಹುಡುಗೂರು ಹೊಡದ್ರ ನೌಕರಿ ಬರ್ತದ. ನಿಮಗೇನು ಬರ್ತದ?”

ನನಗೆ ಬರುವುದು ಅಡ್ಡಗಾಳಿ. ನಮ್ಮ ಹೆದ್ದಾರಿ ತೆಂಕಣದಿಂದ ಬಡಗಣಕ್ಕೆ ಹೋಗುತ್ತದೆ, ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ಸೋಲಾಪುರದ ಕಡೆ ಹೊರಟವನನ್ನು ಅದು ಹೊಲದ ಕಡೆ ತಳ್ಳುತ್ತದೆ. ಧೂಳಖೇಡದ ಭೀಮಾ ಸೇತುವೆ ಮುಟ್ಟಿ ತಿರುಗಿ ಬರುವುದು ನನ್ನ ದೂರದ ಸವಾರಿ. ಸೇತುವೆ ದಾಟಿ ಹೆಚ್ಚಿಗೆ ಎರಡು ಪೆಡಲ್ ತುಳಿದರೆ ಮಹಾರಾಷ್ಟ್ರ, ಅಲ್ಲಿ “ಕುಠಂ ಚಾಲಲಾಯ್?” ಅಂತ ಕೇಳುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಬಿದ್ದರೆ ಗಾಳಿಯ ಕಾಟ ಇರದು, ಜೊತೆಗೆ ಪೂರ್ತಿ ಸೌಂಡಿನ ಹಾಡು, ನಡುನಡುವೆ ಉದುರುವ ಕಬ್ಬು. ಐರನ್‌ಮ್ಯಾನ್ ನಿಯಮದಲ್ಲಿ ಮಾತ್ರ ಮುಂದಿನ ಸೈಕಲ್ಲಿನಿಂದ 12 ಮೀಟರ್ ದೂರ ಇರಬೇಕು, ಮುಂದಿನವನ ಗಾಳಿಮರೆ ಪಡೆಯುವುದು ಅಪರಾಧ. ಟ್ರ್ಯಾಕ್ಟರ್ ಅಂತ ಹೆಸರು ಹಿಡಿದು ಮಾತ್ರ ಅಲ್ಲಿ ಬರೆದಿಲ್ಲ.

ಇದೇ ಹೆದ್ದಾರಿಯ ಒಂದು ದಾಖಲೆ ನೆನಪಾಗುತ್ತದೆ. 2021ರ ಫೆಬ್ರುವರಿಯಲ್ಲಿ, ವಿಜಯಪುರ–ಸೋಲಾಪುರ ನಡುವಿನ ಚತುಷ್ಪಥ ಕಾಮಗಾರಿಯಲ್ಲಿ 25.54 ಕಿ.ಮೀ. ಉದ್ದದ ಒಂದು ಲೇನಿಗೆ 18 ತಾಸಿನಲ್ಲಿ ಡಾಂಬರು ಹಾಕಿ ಮುಗಿಸಿದರು. ಪೂರ್ತಿ ಐರನ್‌ಮ್ಯಾನಿನಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, 42.2 ಕಿ.ಮೀ. ಓಡಲು ಸಾಮಾನ್ಯವಾಗಿ ಕೊಡುವ ಗಡುವು 17 ತಾಸು. ರಸ್ತೆ ಮಾಡಿದವರಿಗಿಂತ ಒಂದು ತಾಸು ಕಡಿಮೆ. ಅವರ ಹತ್ತಿರ ನೂರಾರು ಆಳು, ಸಾಲು ಸಾಲು ಯಂತ್ರ ಇದ್ದವು. ಇಲ್ಲಿ ಆಳೂ ನಾನೇ, ಯಂತ್ರವೂ ನಾನೇ.

ಮೂರನೆಯದು ಓಟ. ನಮ್ಮ ರಸ್ತೆಯಲ್ಲಿ ನಸುಕಿನಲ್ಲಿ ಓಡುವವರು ಪೊಲೀಸ್ ಭರ್ತಿಗೆ, ಮಿಲಿಟರಿ ಭರ್ತಿಗೆ ತಯಾರಾಗುವ ಹುಡುಗರು. ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಅವರು ನನ್ನನ್ನು ಹಿಂದೆ ಹಾಕುತ್ತ ಕೇಳುತ್ತಾರೆ, “ಅಂಕಲ್, ಯಾವ ಭರ್ತಿ? ವಯಸ್ಸಿನ ಸಡಿಲಿಕಿ ಅದ ಏನ್ರಿ?” ಬೈಕಿನವರ ಕಾಟ ಬೇರೆ. ಗಾಡಿ ನಿಧಾನ ಮಾಡಿ, “ಹತ್ರಿ ಸಾವಕಾರ, ಬಿಡ್ತೀನಿ” ಅನ್ನುತ್ತಾರೆ. ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಒಬ್ಬರು ಇಳಿದು ಗಾಡಿ ದೂಡುತ್ತ ಜೊತೆಗೇ ನಡೆದು, ದನಿ ತಗ್ಗಿಸಿ, “ಮನ್ಯಾಗ ಏನರೆ ಆಗ್ಯಾದೇನ್ರಿ? ಅಕ್ಕಾರ ಜೋಡಿ ನಾವು ಮಾತಾಡ್ತೀವಿ” ಅಂದರು. ವಿಜಯಪುರದಲ್ಲಿ ಡಿಸೆಂಬರಿನಲ್ಲಿ ವೃಕ್ಷೋಥಾನ್ ಹೆರಿಟೇಜ್ ರನ್ ನಡೆಯುತ್ತದಲ್ಲ, ಅದಕ್ಕೆ ಓಡುವಾಗ ಈ ಪೀಡೆ ಇರಲಿಲ್ಲ. ‘ಗಿಡಾ ಹಚ್ಚೂ ಸಲುವಾಗಿ ಓಡ್ತಾರ’ ಎಂದು ಊರು ತಾನೇ ಹೇಳಿಕೊಂಡು ಸಮಾಧಾನ ಪಟ್ಟಿತು.

ಮೂರೂ ಆಟಕ್ಕೆ ಒಂದೇ ಮೈಬಿಗಿ ಅಂಗಿ-ಚಡ್ಡಿ, ಟ್ರೈಸೂಟ್ ಅನ್ನುತ್ತಾರೆ. ಅದನ್ನು ಹಾಕಿಕೊಂಡು ಮೊದಲ ಸಲ ಹೊರಬಿದ್ದಾಗ ಕಟ್ಟೆಯ ಮೇಲಿದ್ದ ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಯಪ್ಪಾ, ಅರಿವಿ ಯಾವಾಗ ಹಾಕ್ಕೋತಿ?” ಅಂದಳು. ಅಂದಿನಿಂದ ಊರ ಗಡಿ ದಾಟುವ ತನಕ ಮೇಲೊಂದು ಲುಂಗಿ. ಸ್ಪರ್ಧೆಯಲ್ಲಿ ಈಜು ಮುಗಿಸಿ ಸೈಕಲ್ ಹತ್ತುವ ನಡುವಿನ ಹೊತ್ತಿಗೂ ಲೆಕ್ಕವಿದೆ. ಟಾವೆಲ್ ಸುತ್ತಿಕೊಂಡು ಬಾವಿ ದಂಡೆಯಲ್ಲಿ ಅರಿವೆ ಬದಲಿಸುವ ನಮ್ಮ ಸೀಮೆಯ ವಿದ್ಯೆಗೆ ಅಲ್ಲಿ ಸರಿಸಾಟಿ ಇಲ್ಲ.

ಊರಿಗೆ ತಿಳಿಸಿ ಹೇಳೋಣವೆಂದು ಒಮ್ಮೆ ಅಂಗಡಿಯ ಮುಂದೆ ಐರನ್‌ಮ್ಯಾನಿನ ಇತಿಹಾಸ ಶುರುಮಾಡಿದೆ. ಹವಾಯಿ ದ್ವೀಪಗಳಲ್ಲಿ ಈಜುಗಾರ ಗಟ್ಟಿಯೋ, ಸೈಕಲ್ ಸವಾರ ಗಟ್ಟಿಯೋ, ಓಟಗಾರ ಗಟ್ಟಿಯೋ ಎಂದು ವಾದ ಹುಟ್ಟಿತು. ನೌಕಾಪಡೆಯ ಜಾನ್ ಕಾಲಿನ್ಸ್ ಎಂಬ ಅಧಿಕಾರಿ ಮೂರನ್ನೂ ಕೂಡಿಸಿಬಿಟ್ಟ. 1978ರಲ್ಲಿ 15 ಜನ ಹೊರಟರು, 12 ಜನ ಮುಟ್ಟಿದರು. ಗೆದ್ದವನು ಟ್ಯಾಕ್ಸಿ ಓಡಿಸುತ್ತಿದ್ದ ಗೋರ್ಡನ್ ಹಾಲರ್, 11 ತಾಸು 46 ನಿಮಿಷದಲ್ಲಿ.

“ಟ್ಯಾಕ್ಸಿ ಇದ್ದಾಂವ ಯಾಕ ಓಡಿದಾ?”

ಎರಡನೆಯವನು ಜಾನ್ ಡನ್‌ಬಾರ್. ಓಟದಲ್ಲಿ ಅವನ ಕಡೆಯವರ ಹತ್ತಿರ ನೀರು ಮುಗಿದು ಬಿಯರ್ ಕೊಟ್ಟರು ಅಂದೆ. ಅಲ್ಲಿಯತನಕ ನೆಲ ನೋಡುತ್ತಿದ್ದ ನಾಲ್ಕು ಮಂದಿ ತಲೆ ಎತ್ತಿದರು. “ಈ ಆಟ ಛಲೋ ಅದ ನೋಡು.”

ಹವಾಯಿ ದೂರವಾಯಿತೆಂದು ನಮ್ಮವರನ್ನೇ ಹೇಳಿದೆ. ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು 2022ರ ಜೂನ್‌ನಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಪೂರ್ತಿ ಐರನ್‌ಮ್ಯಾನನ್ನು 13 ತಾಸು 26 ನಿಮಿಷದಲ್ಲಿ ಮುಗಿಸಿದರು.

“ರೈಲ್ವೆ ಸಾಹೇಬ್ರಿಗೆ ಪಾಸ್ ಇರ್ತದಲ್ಲೋ?”

ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರಿನಲ್ಲಿ ಗೋವಾದ ಅರ್ಧ ಐರನ್‌ಮ್ಯಾನ್ ಮುಟ್ಟಿದರು, 8 ತಾಸು 27 ನಿಮಿಷ. ಗಡುವಿಗೆ ಇನ್ನು ಮೂರು ನಿಮಿಷವೂ ಇರಲಿಲ್ಲ.

“ಎಂ.ಪಿ. ಆದ ಮ್ಯಾಲೂ ಓಡಬೇಕಂದ್ರ, ಯಾತಕ್ಕ ಆಗಬೇಕು?”

ಆ ಗೋವಾಕ್ಕೆ ನಾನೂ ಹೋದೆ. 2019ರಿಂದ ಪಣಜಿಯಲ್ಲಿ ನಡೆಯುವ ಸ್ಪರ್ಧೆ ಅದು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಎಂಟೂವರೆ ತಾಸಿನ ಗಡುವು. ಮೀರಾಮಾರ್ ದಂಡೆಯಲ್ಲಿ ನಿಂತಾಗ ಎದೆ ನಡುಗಿದ್ದು ಸಮುದ್ರದ ಆಳಕ್ಕಲ್ಲ, ಅದಕ್ಕೆ ಎದುರು ಗೋಡೆ ಇಲ್ಲದ್ದಕ್ಕೆ. ಬಾವಿಯಲ್ಲಿ ಎಡಕ್ಕೆ ತಿರುಗಿ ತಿರುಗಿ ನನ್ನ ಕೈಗೆ ಎಡ ಬಿಟ್ಟರೆ ಬೇರೆ ದಿಕ್ಕು ಗೊತ್ತಿಲ್ಲ. ನೂರಾರು ಜನ ತೇಲುಬುಡ್ಡೆಗಳ ಸಾಲು ಹಿಡಿದು ನೇರ ಹೋದರು. ನಾನು ದೊಡ್ಡದೊಂದು ಬಾವಿಯ ಅಂಚು ಹಿಡಿದವನಂತೆ ಬಾಗುತ್ತ ಹೊರಟೆ. ಕಾವಲಿನ ಕಯಾಕ್ ದೋಣಿಯೊಂದು ಅಡ್ಡ ಬಂತು. ಅದರ ಹುಡುಗ ಹುಟ್ಟು ಅಡ್ಡ ಹಿಡಿದು ಕೇಳಿದ: “ಸರ್, ಕಹಾಂ ಜಾ ರಹೇ ಹೋ?”

ಅರಬ್ಬಿ ಸಮುದ್ರದಲ್ಲೂ ಅದೇ ಪ್ರಶ್ನೆ! ಊರ ನೆನಪಾಗಿ ಧೈರ್ಯ ಬಂತು. ಆಮೇಲಿನದು ಬೇಗ ಹೇಳಬಹುದು. ಸೈಕಲ್ಲಿಗೆ ನಮ್ಮ ಅಡ್ಡಗಾಳಿ ಇರಲಿಲ್ಲ, ಅಲ್ಲಿ ಮಿಗಿಲಾದೆ. ಓಟದಲ್ಲಿ ಕಡಲ ಸೀಮೆಯ ಬೆವರು ನನ್ನನ್ನು ಹಿಂಡಿತು. ಉಳಿದವರು ತುಟ್ಟಿ ಜೆಲ್ ಹೀರುತ್ತಿದ್ದರೆ ನನ್ನ ಜೇಬಿನಲ್ಲಿ ಶೇಂಗಾ ಹೋಳಿಗೆ, ಬಾಟಲಿಯಲ್ಲಿ ನನ್ನದೇ ಅಂಗಡಿಯ ಓ.ಆರ್.ಎಸ್., ಅದಕ್ಕೆ ಹಿಂಡಿದ ಇಂಡಿ ಲಿಂಬೆ. 2023ರಲ್ಲಿ ಜಿ.ಐ. ಮಾನ್ಯತೆ ಪಡೆದ ಲಿಂಬೆ ಅದು. ಆ ಸ್ಪರ್ಧೆಯಲ್ಲಿ ನನಗಿಂತ ಹೆಚ್ಚು ಹೆಸರಿದ್ದದ್ದು ಅದಕ್ಕೇ. ಗಡುವಿಗೆ ಸ್ವಲ್ಪ ಮೊದಲು ಮುಟ್ಟಿದೆ. ಪದಕ ಹಾಕಿದರು, ಬಾಳೆಹಣ್ಣು ಕೊಟ್ಟರು.

ಊರಿಗೆ ಬಂದರೆ ನಾಲ್ಕನೆಯ ಆಟ ಕಾಯುತ್ತಿತ್ತು. “ಎಷ್ಟನೇ ನಂಬರ್ ಬಂದ್ರಿ?” ಹೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. “ಹೋಗ್ಲಿ ಬಿಡ್ರಿ, ಎಷ್ಟ ರೊಕ್ಕಾ ಕೊಟ್ರು?” ಅವರು ಕೊಡುವುದಿಲ್ಲ, ನಾವೇ ಪ್ರವೇಶ ಫೀ ಕಟ್ಟಬೇಕು ಅಂದೆ. ನಮ್ಮ ಜಾತ್ರೆಗಳಲ್ಲಿ ತೆರಬಂಡಿ ಎಳೆದ ಎತ್ತಿನ ಜೋಡಿಗೆ, ಚೀಲ ಎತ್ತಿದ ಪೈಲ್ವಾನನಿಗೆ ಬೆಳ್ಳಿ ಕಡಗ, ನಗದು ಬಹುಮಾನ ಸಿಗುತ್ತದೆ. ಕಾಕಾ ಬಹಳ ಹೊತ್ತು ಪದಕವನ್ನು ಅಂಗೈಯಲ್ಲಿ ತೂಗಿ ನೋಡಿ ಹೇಳಿದರು: “ಎತ್ತಿಗೂ ಇಷ್ಟು ತಿಳೀತದ, ಸಾವಕಾರ.”

ಕಾಕಾನ ಮಾತಿನ ಅರ್ಥ ನನಗೆ ಹೊಳೆದದ್ದು ಮುಂದಿನ ಶೀಗಿ ಹುಣ್ಣಿಮೆಗೆ. ಆಗ ಇದೇ ರಸ್ತೆಯಲ್ಲಿ ತುಳಜಾಪುರದ ಅಂಬಾಭವಾನಿಗೆ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ವಿಜಯಪುರದಿಂದ ಸೋಲಾಪುರ ಸುಮಾರು ನೂರು ಕಿ.ಮೀ., ಅಲ್ಲಿಂದ ತುಳಜಾಪುರ ಮತ್ತೆ ನಲವತ್ತೈದು. ಹಲವರ ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ಮುದುಕಿಯರು, ಕೂಸು ಹೊತ್ತವರು, ಹಗಲೆಲ್ಲ ನಡೆದು ರಾತ್ರಿಯೂ ನಡೆಯುವವರು. ಹಾದಿಯ ಊರುಗಳು ಅವರಿಗೆ ಚಹಾ, ಅನ್ನ ಕೊಟ್ಟು ಕಾಲಿಗೆ ಎಣ್ಣೆ ತಿಕ್ಕುತ್ತವೆ. ನಾನು ಅಂಗಡಿಯ ಮುಂದೆ ಟೇಬಲ್ ಹಾಕಿ ಬಾಮು, ಪಟ್ಟಿ ಹಂಚುತ್ತೇನೆ. ನನ್ನ ಗೋವಾದ ಸಾಹಸ ಅವರ ನಡಿಗೆಯ ಮುಂದೆ ಬೆಳಗಿನ ವಾಕಿಂಗ್. ಆದರೂ ಅವರನ್ನು ಯಾರೂ ‘ಯಾಕೆ’ ಅನ್ನುವುದಿಲ್ಲ. ಎಲ್ಲಿಗೆ ಅಂದರೆ, ಅಂಬಾಭವಾನಿಗೆ. ಮಾತು ಮುಗಿಯಿತು.

ಅಂದರೆ ನಮ್ಮ ಜನಕ್ಕೆ ದಣಿವಿನ ಮೇಲೆ ಸಿಟ್ಟಿಲ್ಲ. ದಣಿವಿನಲ್ಲಿ ಅವರು ನನಗಿಂತ ದೊಡ್ಡವರು. ದೇವರ ಸಲುವಾಗಿ, ಹೊಲದ ಸಲುವಾಗಿ, ನೌಕರಿಯ ಸಲುವಾಗಿ, ಕಡೆಗೆ ಗಿಡದ ಸಲುವಾಗಿ ಎಷ್ಟು ಬೇಕಾದರೂ ದಣಿಯಬಹುದು. ಕೆಲಸವಿಲ್ಲದ ದಣಿವು ಮಾತ್ರ ಅವರ ಲೆಕ್ಕಕ್ಕೆ ಕೂಡುವುದಿಲ್ಲ. ಹೊರಟಲ್ಲಿಗೇ ತಿರುಗಿ ಬರುವವನು ಎಲ್ಲಿಗೆ ಹೊರಟ ಹಾಗಾಯಿತು?

ಮರುದಿನ ಬೆನ್ನಿಗೊಂದು ಸಣ್ಣ ಚೀಲ ಕಟ್ಟಿದೆ. ಹೊರ್ತಿಯ ಅಜ್ಜನೊಬ್ಬನ ಬಿ.ಪಿ. ಗುಳಿಗೆ ಅದರಲ್ಲಿ. ಕ್ರಾಸಿನಲ್ಲಿ ಎಂದಿನಂತೆ ಪ್ರಶ್ನೆ ಬಂತು. “ಹೊರ್ತಿಗಿ, ಅಜ್ಜಗ ಗುಳಿಗಿ ಕೊಡಾಕ.” “ಹೌದೇನ್ರಿ? ಹೋಗ್ರಿ, ಹೋಗ್ರಿ, ಹೊತ್ತಾದೀತು!” ಅಂದರು. ಬೈಕಿನವರು ದಾರಿ ಬಿಟ್ಟರು. ಅದೇ ಟ್ರೈಸೂಟ್, ಅದೇ ಹೆಲ್ಮೆಟ್ಟು. ಆಯಿ ಕಟ್ಟೆಯಿಂದಲೇ ಕೈ ಎತ್ತಿ ಹರಸಿದಳು. ಎದುರಿನ ಅಂಗಡಿಗೆ ಹೋದ ಇಬ್ಬರು ಗಿರಾಕಿಗಳೂ ತಿರುಗಿ ಬಂದರು. ಈಗ ನನ್ನ ತರಬೇತಿಯ ಪಟ್ಟಿ ಬರೆಯುವವರು ಸೀಮೆಯ ರೋಗಿಗಳು: ಹೊರ್ತಿಯಲ್ಲಿ ಗುಳಿಗೆ ಮುಗಿದರೆ ಟೆಂಪೋ ರನ್, ಇಂಡಿ ಹಾದಿಯಲ್ಲಿ ಮುಗಿದರೆ ಸಾಧಾರಣ ಸವಾರಿ, ಧೂಳಖೇಡದಲ್ಲಿ ಮುಗಿದರೆ ದೂರದ ಸವಾರಿ. ಯಾರಿಗೂ ಯಾವ ಅನುಮಾನವೂ ಉಳಿದಿಲ್ಲ. ಬದಲಿಗೆ, “ಹೆಂಗೂ ಹೊಂಟೀರಿ, ಬರೂವಾಗ ಎರಡು ಕಿಲೊ ಟಮಾಟಿ” ಎಂಬ ಹೊಸ ಬೇಡಿಕೆ ಹುಟ್ಟಿದೆ.

ಆದ್ದರಿಂದ ನಮ್ಮ ಸೀಮೆಯ ಗಿರಾಕಿಗಳ ಗಮನಕ್ಕೆ: ಗುಳಿಗೆ ಬೇಕಾದವರು ಹಿಂದಿನ ರಾತ್ರಿ ಎಂಟರೊಳಗೆ ತಿಳಿಸಬೇಕು. ಡಾಕ್ಟರ ಚೀಟಿ ಕಡ್ಡಾಯ. ಭೀಮಾ ದಂಡೆಯ ಊರುಗಳಿಗೆ ರವಿವಾರ ಮಾತ್ರ. ತಂದುಕೊಡುವುದಕ್ಕೆ ಹಣವಿಲ್ಲ. ಬಂದಾಗ ಚಹಾಕ್ಕೆ ಕೂಡಿಸಬೇಡಿ, ಗಡಿಯಾರ ಓಡುತ್ತಿರುತ್ತದೆ. ಟಮಾಟಿ ತರುವುದಿಲ್ಲ.